ತೂಬು ಅಂದರೇನು ಎಂದು ಕೇಳಿದ ವರ್ಷ

ನಾವು ಕಾಲೇಜು ಸೇರಿದ್ದು 2021ರಲ್ಲಿ. ನಾಲ್ಕು ವರ್ಷದ ಆನರ್ಸ್ ಪದವಿ ಕರ್ನಾಟಕಕ್ಕೆ ಬಂದದ್ದೂ ಅದೇ ವರ್ಷ. ನಮ್ಮ ಮೂರು ವರ್ಷ ಮುಗಿಯುವಷ್ಟರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೇ ಮರಳಿತ್ತು. ತರಗತಿಯ ಬಹುಪಾಲು ಜನ ಬಿ.ಎ. ಮುಗಿಯಿತೆಂದು ಹೊರಟರು. ಇತಿಹಾಸ ವಿಭಾಗದಲ್ಲಿ ನಾಲ್ಕನೆಯ ವರ್ಷಕ್ಕೆ ಉಳಿದವರು ಆರು ಜನ. ಅಷ್ಟು ದೊಡ್ಡ ಕೋಣೆಯಲ್ಲಿ ಮೊದಲ ದಿನವೇ ಎಲ್ಲರೂ ಒಂದೇ ಬೆಂಚಿಗೆ ಒತ್ತಿಕೊಂಡು ಕೂತೆವು. ವರ್ಷವಿಡೀ ಹಾಗೇ ಕೂತೆವು.

ಸಂಪ್ರಬಂಧಕ್ಕೆ ನಾನು ಬರೆದುಕೊಂಡು ಹೋದ ವಿಷಯ 'ಬೆಂಗಳೂರಿನ ಕೆರೆಗಳ ಇತಿಹಾಸ'. ಗೈಡ್ ಮೇಡಂ ಓದಿ, ಕನ್ನಡಕ ತೆಗೆದಿಟ್ಟರು. "ಇದನ್ನ ಬರೆಯೋಕೆ ಮೂವತ್ತು ವರ್ಷ ಬೇಕಮ್ಮ, ನಿನ್ನ ಹತ್ರ ಹತ್ತು ತಿಂಗಳಿದೆ. ಒಂದು ಕೆರೆ ಹಿಡಿ. ಅದಕ್ಕೆ ಒಂದೇ ಪ್ರಶ್ನೆ ಕೇಳು" ಎಂದರು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತೆಂಬುದು ಊರಿಗೆಲ್ಲ ಗೊತ್ತಿರುವ ಮಾತು. ನಾನು ಸಂಪಂಗಿ ಕೆರೆ ಆರಿಸಿಕೊಂಡೆ. ದಿನವೂ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ಕಂಠೀರವ ಕ್ರೀಡಾಂಗಣ ನಿಂತಿರುವುದು ಅದರ ಅಂಗಳದ ಮೇಲೆ. ಆ ಕೆರೆ ಹೇಗೆ ಹೋಯಿತು? ಇಷ್ಟೇ ಪ್ರಶ್ನೆ.

ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೂ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೂ ಅಲೆದದ್ದು ಆಗಲೇ. ಹಳೆಯ ಬರಹಗಳಲ್ಲಿ ತೂಬು, ಕೋಡಿ, ಅಚ್ಚುಕಟ್ಟು ಎಂಬ ಪದಗಳು ಮತ್ತೆ ಮತ್ತೆ ಬರುತ್ತಿದ್ದವು. ನಾನು ಜಯನಗರದಲ್ಲಿ ಹುಟ್ಟಿ ನಲ್ಲಿ ನೀರು ಕುಡಿದು ಬೆಳೆದವಳು. ತೂಬು ಅಂದರೇನು ಎಂದು ಕೇಳಿದಾಗ, ಕೋಲಾರದ ಕಡೆಯ ನಮ್ಮ ಗೆಳತಿ ಉತ್ತರ ಹೇಳಲಿಲ್ಲ, ಊರಿಗೇ ಕರೆದುಕೊಂಡು ಹೋದಳು. ಅವಳ ತಾತ ಕೆರೆ ನೀರು ಹಂಚುವ ನೀರುಗಂಟಿ. ಕೆರೆ ಏರಿಯ ಮೇಲೆ ನನ್ನನ್ನು ನಡೆಸಿಕೊಂಡು ಹೋಗಿ, ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ತೂಬಿನ ಕಲ್ಲುಕಂಬ ತೋರಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಮಳೆ ಕಡಿಮೆಯಾದ ವರ್ಷ ಯಾರು ಮೊದಲು ಬಿಟ್ಟುಕೊಡಬೇಕು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಕೆರೆಯೆಂದರೆ ನೀರು ತುಂಬಿದ ಗುಂಡಿಯಲ್ಲ, ಜನ ಜನರ ನಡುವಿನ ಕರಾರು ಎಂಬುದು ನನಗೆ ಹೊಳೆದದ್ದು ಆ ಏರಿಯ ಮೇಲೆ. ಯಾವ ಗ್ರಂಥಾಲಯದಲ್ಲೂ ಇದು ಸಿಕ್ಕಿರಲಿಲ್ಲ.

ಪ್ರತಿ ಶನಿವಾರ ಆರು ಜನವೂ ತಲಾ ಐದು ಪುಟ ತರಬೇಕು ಎಂದು ಮೇಡಂ ಕಟ್ಟು ಮಾಡಿದ್ದರು. ಒಬ್ಬರದನ್ನು ಉಳಿದವರು ಓದಿ ಮಾತಾಡುವಾಗ ಬರೆದವರು ಬಾಯಿ ಬಿಡುವಂತಿಲ್ಲ. ಮೊದಮೊದಲು ಅಳು ಬರುತ್ತಿತ್ತು. ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಮೂರು ಬೈ-ಟು ಕಾಫಿ ಹಂಚಿಕೊಂಡು, ಬೈದವರೇ ತಿದ್ದಲು ಕೂರುತ್ತಿದ್ದರು.

ಕೊಡಲು ಐದು ವಾರ ಇದ್ದಾಗ ನನ್ನ ಸರದಿ ಬಂತು. ಕ್ರೀಡಾಂಗಣ ಕೆರೆಯನ್ನು ನುಂಗಿತು ಎಂಬುದೇ ನನ್ನ ವಾದ, ನಾಲ್ಕು ಅಧ್ಯಾಯವೂ ಅದರ ಮೇಲೇ ನಿಂತಿದ್ದವು. ಸಾಮಾನ್ಯವಾಗಿ ಮಾತೇ ಆಡದ ಹುಡುಗ ಪುಟ ತಿರುಗಿಸುತ್ತ ಕೇಳಿದ: "ಹೆಸರಘಟ್ಟದಿಂದ ಕೊಳವೆ ನೀರು 1896ಕ್ಕೇ ಬಂತು ಅಂತ ನೀನೇ ಬರೆದಿದೀಯ. ಕ್ರೀಡಾಂಗಣ ಬರೋ ಹೊತ್ತಿಗೆ ಈ ಕೆರೆ ಯಾರಿಗೆ ಬೇಕಾಗಿತ್ತು?" ಬಾಯಿ ಬಿಡುವಂತಿರಲಿಲ್ಲ. ಬಿಟ್ಟಿದ್ದರೂ ಉತ್ತರವಿರಲಿಲ್ಲ.

ಉತ್ತರ ನನ್ನ ಟಿಪ್ಪಣಿಗಳಲ್ಲೇ ಇತ್ತು. ಹಳೆಯ ಪೇಟೆಗೂ ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದ್ದ ದಂಡಿಗೂ ನಡುವೆ ಇದ್ದ ಕೆರೆ ಅದು. ದಂಡಿನವರಿಗೆ ಪೋಲೋ ಆಡಲು ಒಣ ನೆಲ ಬೇಕಿತ್ತು, ಸುತ್ತಲಿನ ತಿಗಳ ತೋಟಗಾರರಿಗೆ ತರಕಾರಿಗೆ ನೀರು ಬೇಕಿತ್ತು. ನಲ್ಲಿ ಬಂದ ಮನೆಗಳು ಕೆರೆಯನ್ನು ಮರೆತವು. ಬೇಕೆಂದವರ ಮಾತು ನಡೆಯಲಿಲ್ಲ. ಕ್ರೀಡಾಂಗಣ ಬಂದದ್ದು ಅದೆಲ್ಲ ಆದಮೇಲೆ. ಮೇಡಂ ಬಳಿ ಹೋಗಿ ಎಲ್ಲ ಹಾಳಾಯಿತು ಎಂದೆ. "ಹಾಳೇನಾಗಿಲ್ಲ. ಈಗ ನಿನಗೆ ಹೇಳೋಕೆ ಒಂದು ವಿಷಯ ಸಿಕ್ಕಿದೆ. ಕೊನೇ ಅಧ್ಯಾಯದಿಂದ ಹಿಂದಕ್ಕೆ ಬರ್ಕೊಂಡು ಬಾ" ಎಂದರು. ಆ ಐದು ವಾರ ಅಡಿಟಿಪ್ಪಣಿಗಳನ್ನು ಒಬ್ಬಳು ನೋಡಿಕೊಂಡಳು, ಟೈಪಿಂಗ್ ತಪ್ಪುಗಳನ್ನು ಇಬ್ಬರು. ಪ್ರಶ್ನೆ ಕೇಳಿದ ಹುಡುಗ ತನ್ನದನ್ನು ಬದಿಗಿಟ್ಟು ನನ್ನ ನಕ್ಷೆ ಬರೆದುಕೊಟ್ಟ.

ವೈವಾ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅದರ ನೆನಪು ಹೆಚ್ಚಿಲ್ಲ.

ಅದೇ ಸಂಜೆ ಗೆಳತಿಯ ಫೋನಿನಲ್ಲಿ ತಾತನಿಗೆ ಕೃತಜ್ಞತೆಯ ಪುಟ ಓದಿದೆ. ಅವರ ಹೆಸರು ಎಲ್ಲರಿಗಿಂತ ಮೊದಲಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕೆರೇಲಿ ಈಗ ನೀರೈತೇನಮ್ಮ?" ಎಂದರು.

"ಒಂದು ಪುಟ್ಟ ಕೊಳದಷ್ಟು ಐತೆ ತಾತ. ಕರಗದ ಪೂಜೆಗೆ ಈಗಲೂ ಅಲ್ಲಿಗೇ ಬರ್ತಾರೆ."

"ಹಂಗಾದ್ರೆ ಅದನ್ನೂ ಬರ್ದಿದೀಯ ತಾನೆ?"

ಬರೆದಿದ್ದೆ. ಕೊನೆಯ ಪುಟದಲ್ಲಿ.