ಕುಂತಿಬೆಟ್ಟದಲ್ಲಿ ರ‍್ಯಾಪೆಲಿಂಗ್: ಕಷ್ಟ ಇರುವುದು ಅಂಚಿನಲ್ಲಿ

ಪಾಂಡವಪುರದ ಕುಂತಿಬೆಟ್ಟಕ್ಕೆ ರ‍್ಯಾಪೆಲಿಂಗ್ (ಹಗ್ಗದ ಆಸರೆಯಲ್ಲಿ ಬಂಡೆ ಇಳಿಯುವುದು) ಮಾಡಲು ಹೋಗುವವರು ಮಳೆಗಾಲ ಮುಗಿದ ಮೇಲೆ ಹೊರಡಿ. ನೆನೆದ ಬಂಡೆ ಜಾರುತ್ತದೆ, ಬೇಸಿಗೆಯ ಬಂಡೆ ಸುಡುತ್ತದೆ. ರೈಲಿನಲ್ಲಿ ಬಂದರೆ ಪಾಂಡವಪುರ ಸ್ಟೇಷನ್‌ನಲ್ಲಿ ಇಳಿದು ಆಟೊ ಹಿಡಿಯಬೇಕು. ಬ್ರಿಟಿಷರು ಈ ಊರನ್ನು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಂತೆ.

ನಾವು ತರಬೇತುದಾರರ ಜೊತೆ ಇಳಿದೆವು. ಎಲ್ಲರಿಗೂ ಎತ್ತರದ್ದೇ ಭಯ. ಆದರೆ ನಿಜವಾದ ಕಷ್ಟ ಮೊದಲ ಎರಡು ಮೂರು ಅಡಿಯಲ್ಲಿದೆ. ಗ್ರಾನೈಟ್ ಬಂಡೆ ದುಂಡಗೆ ಇಳಿಜಾರಾಗಿದ್ದರೆ ತೊಂದರೆ ಇಲ್ಲ. ಅಂಚು ತಟ್ಟನೆ ಮುಗಿದು, ಕೆಳಗೆ ಬಂಡೆ ಒಳಸರಿದಿದ್ದರೆ ಮೈಯೆಲ್ಲ ಎಚ್ಚರ ಇರಬೇಕು.

ಹಗ್ಗ ಕಟ್ಟುವ ಗಟ್ಟಿ ಆಧಾರ, ಅಂದರೆ ಆ್ಯಂಕರ್, ಸೊಂಟಕ್ಕಿಂತ ಮೇಲಿದ್ದರೆ ಅರ್ಧ ಕೆಲಸ ಹಗುರ. ಮೊದಲು ಸಡಿಲ ಹಗ್ಗ ಎಳೆದು ಬಿಗಿ ಮಾಡಿ, ನಿಧಾನಕ್ಕೆ ಭಾರ ಬಿಡಿ. ಕಾಲು ಅಗಲಿಸಿ ಅಂಚಿನ ಮೇಲೇ ಊರಿ. ಸೊಂಟ ಪಾದಕ್ಕಿಂತ ಕೆಳಗೆ ಬರುವವರೆಗೂ ಕಾಲು ಕೀಳಬೇಡಿ. ಬೇಗ ಬಿಟ್ಟರೆ ಮುಖ, ಮೊಣಕೈ ಬಂಡೆಗೆ ಬಡಿಯುತ್ತದೆ. ಸಿನಿಮಾದ ಹಾಗೆ ಜಿಗಿಯುವುದಂತೂ ಬೇಡವೇ ಬೇಡ, ಆ್ಯಂಕರ್‌ಗೆ ಸುಮ್ನೆ ಜಾಸ್ತಿ ಹೊಡೆತ ಬೀಳುತ್ತದೆ.

ಆ್ಯಂಕರ್ ನೆಲಮಟ್ಟದಲ್ಲೇ ಇದ್ದರೆ ನಿಂತು ಹಿಂದಕ್ಕೆ ವಾಲಬೇಡಿ. ಅಂಚಿನ ಮೇಲೆ ಕುಳಿತು ಕಾಲು ಇಳಿಬಿಡಿ. ಕೆಳಗಿನ ಹಗ್ಗ ಹಿಡಿದು ವೇಗ ತಡೆಯುವ ಬ್ರೇಕ್ ಕೈ ಬಿಡದೆ, ಪಕ್ಕಕ್ಕೆ ತಿರುಗಿ, ಸೊಂಟವನ್ನು ಮೆಲ್ಲಗೆ ಜಾರಿಸಿ, ಬಂಡೆಗೆ ಮುಖ ಮಾಡಿ. ಹಗ್ಗಕ್ಕೂ ಬಂಡೆಗೂ ನಡುವೆ ಬೆರಳು ಸಿಕ್ಕರೆ ನಜ್ಜುಗುಜ್ಜು. ಹಗ್ಗ ಉಜ್ಜುವ ಜಾಗದಲ್ಲಿ ದಪ್ಪ ಕ್ಯಾನ್ವಾಸ್ ಹಾಸಿರಬೇಕು. ಸೊಂಟದ ಹತ್ತಿರ ಹಗ್ಗ ಹಾಯುವ ಬ್ರೇಕ್ ಸಾಧನಕ್ಕೆ (ಡಿಸೆಂಡರ್) ಜಡೆ, ದುಪಟ್ಟಾ ಸಿಕ್ಕದಂತೆ ಒಳಗೆ ಸೇರಿಸಿ.

ಸರದಿಗೆ ಕಾಯುವವರೂ ಅಂಚಿನ ಹತ್ತಿರ ಹೋಗುವ ಮುನ್ನ ತಮ್ಮನ್ನು ಹಗ್ಗಕ್ಕೆ ಕಟ್ಟಿಕೊಂಡಿರಬೇಕು. ಇದನ್ನು ಬಹಳ ಜನ ಮರೆಯುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಬಂಡೆಯಲ್ಲಿ ಹೆಜ್ಜೇನು ಗೂಡು ಇದ್ದರೆ ಆ ಕಡೆ ಹಗ್ಗ ಬಿಡಲೇಬಾರದು.

ದುಡ್ಡು ಕಟ್ಟುವ ಮೊದಲು ತರಬೇತುದಾರರನ್ನು ಕೇಳಿ: ಅನುಮತಿ ಪಡೆದಿದ್ದೀರಾ? ಆ್ಯಂಕರ್ ಒಂದೇನಾ, ಎರಡಾ? ಕೈ ಬಿಟ್ಟುಹೋದರೆ ಹಿಡಿಯಲು ಪ್ರೂಸಿಕ್ ಗಂಟು (ಭಾರ ಬಿದ್ದೊಡನೆ ಮುಖ್ಯ ಹಗ್ಗವನ್ನು ಕಚ್ಚಿ ಹಿಡಿಯುವ ಸಣ್ಣ ಹಗ್ಗದ ಗಂಟು) ಇದೆಯಾ? ಕೆಳಗೆ ಹಗ್ಗ ಹಿಡಿದು ನಿಲ್ಲುವವರು ಯಾರು? ಹಗ್ಗದ ತುದಿಗೆ ಗಂಟು ಹಾಕಿದ್ದೀರಾ? ಸರಿಯಾದ ಉತ್ತರ ಬರದಿದ್ದರೆ ಅವತ್ತು ಬೆಟ್ಟ ಹತ್ತಿ, ತೊಣ್ಣೂರು ಕೆರೆ ನೋಡಿಕೊಂಡು ಬನ್ನಿ.