ತ್ಯಾಗರಾಜನಗರದಿಂದ ತಲಘಟ್ಟಪುರಕ್ಕೆ

ಮನೆ ಮಾಲೀಕರ ಮಗ ವಿದೇಶದಿಂದ ವಾಪಸ್ ಬರುವವರಿದ್ದರು. ಹಾಗಾಗಿ ತ್ಯಾಗರಾಜನಗರದ ಬಾಡಿಗೆ ಮನೆ ಬಿಡಬೇಕಾಯಿತು. ಆಷಾಢ ಮುಗಿಯುವ ತನಕ ಹೊರಡೋದು ಬೇಡ ಅಂತ ಅಮ್ಮ ಪಟ್ಟು ಹಿಡಿದರು. ಬೆಂಗಳೂರಲ್ಲಿ ಹೀಗೆ ಕಾಯುವವರು ಬಹಳ ಜನ. ಶ್ರಾವಣ ಬಂದಿದ್ದೇ ತಡ, ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಸಾಮಾನು ಸಾಗಿಸುವವರ ರೇಟೂ ಏರುತ್ತದೆ.

ಮೊದಲ ಕಷ್ಟ ದುಡ್ಡಿನದು. ಹಳೆ ಅಡ್ವಾನ್ಸ್ ಕೈಗೆ ಬರುವ ಮುಂಚೆಯೇ ಹೊಸ ಮನೆಗೆ ಅಡ್ವಾನ್ಸ್ ಕಟ್ಟಬೇಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೂಡದು ಅನ್ನುತ್ತದೆ. ನಮ್ಮಿಂದ ಕೇಳಿದ್ದು ಆರು ತಿಂಗಳದ್ದು. ಹಳೆ ಮನೆಯ ಅಡ್ವಾನ್ಸಿನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಂಡರು. ರಾತ್ರಿ ಮಲಗಿದರೂ ತಲೆಯಲ್ಲಿ ಅದೇ ಲೆಕ್ಕ.

ಆದರೂ ದುಡ್ಡಿನ ಚಿಂತೆಗೆ ಒಂದು ಕೊನೆ ಅಂತ ಇರುತ್ತದೆ. ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ಹೊಸ ಮನೆ ಸೇರಿದ ಮೇಲಿನ ಸಣ್ಣಪುಟ್ಟ ವಿಷಯಗಳು.

ಹಾಲು ಉಕ್ಕಿಸಿದೆವು, ದೀಪ ಹಚ್ಚಿದೆವು. ಮಾರನೇ ದಿನ ಸಾರಿಗೆ ಬೇಳೆ ಇಟ್ಟೆ. ಎಷ್ಟು ವಿಸಿಲ್ ಕೂಗಿಸಿದರೂ ಕಾಳು ಕಾಳಾಗಿಯೇ ಉಳಿಯಿತು. ಕುಕ್ಕರ್ ಮುಂದೆ ನಿಂತು ಅಳು ಬಂತು. ಇಲ್ಲಿ ಬರುವುದು ಬೋರ್‌ವೆಲ್ ನೀರು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ. ಹೊರವಲಯದ 110 ಹಳ್ಳಿಗಳಿಗಾಗಿ ಕಾವೇರಿ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ, ಆದರೆ ನಮ್ಮ ಕಟ್ಟಡಕ್ಕೆ ಇನ್ನೂ ಸಂಪರ್ಕ ಇಲ್ಲ. ಈಗ ಬೇಳೆಗೂ ಕ್ಯಾನ್ ನೀರೇ. ಬೇಯಿಸುವ ಮುಂಚೆ ಸ್ವಲ್ಪ ಹೊತ್ತು ನೆನೆಹಾಕುತ್ತೇನೆ.

ಅಮ್ಮನ ವಿಷಯ ಇದಕ್ಕಿಂತ ದೊಡ್ಡದು. ಹಳೆ ಮನೆಯಲ್ಲಿ ಅವರ ಮಂಚದಿಂದ ಎಡಕ್ಕೆ ತಿರುಗಿದರೆ ಬಚ್ಚಲು. ಇಲ್ಲಿ ಎಡಕ್ಕೆ ಬೀರು, ಬಚ್ಚಲು ಬಲಕ್ಕೆ. ಒಂದು ರಾತ್ರಿ ಸದ್ದಾಯಿತು ಅಂತ ಎದ್ದು ಹೋದೆ. ಕತ್ತಲಲ್ಲಿ ಬೀರುವಿನ ಬಾಗಿಲನ್ನು ಅಂಗೈಯಿಂದ ಸವರುತ್ತಾ ಚಿಲಕ ಹುಡುಕುತ್ತಿದ್ದರು. ದೀಪ ಹಾಕಿದೆ. ಅವರ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಯಾವತ್ತೂ ನೋಡಿರಲಿಲ್ಲ. "ಬಾಗಿಲೇ ಇಲ್ವಲ್ಲೇ" ಅಂದರು.

ಮರುದಿನ ಆಫೀಸಿಗೆ ರಜೆ ಹಾಕಿ, ಅಮ್ಮನ ಮಂಚ ತಿರುಗಿಸಿದೆವು. ಈಗ ಎದ್ದು ಕೂತರೆ ಬಚ್ಚಲು ಎಡಕ್ಕೇ ಸಿಗುತ್ತದೆ. ದಾರಿಯುದ್ದಕ್ಕೂ ಸಣ್ಣ ದೀಪ ಹಾಕಿಸಿದೆ. ಅಡುಗೆಮನೆ ಡಬ್ಬಿಗಳನ್ನೂ ಹಳೆ ಕ್ರಮದಲ್ಲೇ ಜೋಡಿಸಿದೆ: ಸ್ಟವ್ ಪಕ್ಕ ಒಗ್ಗರಣೆ ಡಬ್ಬಿ, ಅದರ ಹಿಂದೆ ಸಾರಿನ ಪುಡಿ, ಮೇಲೆ ಅಕ್ಕಿ ಅಳೆಯುವ ಪಾವು. ಶೆಲ್ಫು ಬೇರೆ, ಅಂದ ಅಷ್ಟಾಗಿ ಇಲ್ಲ. ಆದರೆ ಅಮ್ಮ ನೋಡದೆಯೇ ಕೈ ಚಾಚಿ ಸಾಸಿವೆ ತೆಗೆದಾಗ ನನ್ನ ಭುಜ ಹಗುರಾಯಿತು. ಮಿಕ್ಕ ಪೆಟ್ಟಿಗೆಗಳನ್ನೆಲ್ಲ ಒಂದು ಕೋಣೆಗೆ ತಳ್ಳಿ ಬಾಗಿಲು ಹಾಕಿದೆ. ಎಲ್ಲವನ್ನೂ ಆ ವಾರವೇ ಮುಗಿಸಬೇಕು ಅನ್ನುವ ಹಟವೇ ಅರ್ಧ ಒತ್ತಡ ಅಂತ ನನಗೆ ಅನ್ನಿಸುತ್ತದೆ. ಗೃಹಜ್ಯೋತಿಯನ್ನು ಹಳೆ ಮೀಟರಿನಿಂದ ಬಿಡಿಸಿ ಹೊಸದಕ್ಕೆ ಸೇರಿಸುವುದು, ಆಧಾರ್‌ನಲ್ಲಿ ವಿಳಾಸ ಬದಲಾಯಿಸುವುದು, ಇವೆಲ್ಲ ಆಮೇಲೆ ಒಂದೊಂದಾಗಿ ಆದವು.

ಅಮ್ಮನಿಗೆ ಮಾತಿಗೆ ಜನ ಇರಲಿಲ್ಲ. ಅದಕ್ಕೆ ಮದ್ದು ಸಿಕ್ಕಿದ್ದು ಹಸಿರು ಮಾರ್ಗದ ಮೆಟ್ರೋದಿಂದ. 2021ರ ಜನವರಿಯಲ್ಲಿ ಆ ಮಾರ್ಗ ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆವರೆಗೆ ಬಂದಿದೆ. ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದರೆ ಗಾಂಧಿ ಬಜಾರ್ ಹತ್ತಿರ, ರೈಲು ಬದಲಾಯಿಸುವ ಗೋಜಿಲ್ಲ. ಸಂಕಷ್ಟಿ ದಿನ ಅಮ್ಮನನ್ನು ಕರೆದುಕೊಂಡು ಹೋದೆ. ದೊಡ್ಡ ಗಣಪತಿ ದರ್ಶನ ಆಯಿತು. ಮಾಮೂಲಿ ಹೂವಿನವರು "ಎಲ್ಲೋಗಿದ್ರಿ ಇಷ್ಟು ದಿನ?" ಅಂತ ಬೈದು, ಒಂದು ಮೊಳ ಮಲ್ಲಿಗೆ ಜಾಸ್ತಿ ಕೊಟ್ಟರು. ವಾಪಸ್ ಬರುವಾಗ ಅಮ್ಮ ಒಂದೊಂದು ನಿಲ್ದಾಣದ ಹೆಸರನ್ನೂ ಬಾಯಿಬಿಟ್ಟು ಓದುತ್ತಿದ್ದರು. ಕೋಣನಕುಂಟೆ ಕ್ರಾಸ್ ದಾಟಿದ ಮೇಲೆ, "ಮುಂದಿನ ಸಲ ನಾನೊಬ್ಬಳೇ ಬರ್ತೀನಿ, ಕಾರ್ಡ್ ಮಾಡಿಸಿಕೊಡು" ಅಂದರು. ಇಳಿದ ನಿಲ್ದಾಣದಲ್ಲೇ ಮಾಡಿಸಿಕೊಟ್ಟೆ.