ಬೀಡಿ ಹಾಡು ರಾಜಕೀಯ ಅಲ್ವಾ?

ನನ್ನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಕೆಲಸ. ಮಂಗಳೂರಿನಲ್ಲಿ ಈ ಕೆಲಸ ಮಾಡುವವನಿಗೆ ಎಲ್ಲ ಜಾತಿ, ಎಲ್ಲ ಧರ್ಮ, ಎಲ್ಲ ಪಕ್ಷವೂ ಗಿರಾಕಿಯೇ. ಬ್ರಹ್ಮಕಲಶ, ಉರೂಸ್, ಚರ್ಚಿನ ಹಬ್ಬ, ಯಕ್ಷಗಾನ, ಮೆಹಂದಿ, ಪಕ್ಷದ ಸಭೆ. ಎಲ್ಲರ ಮಾತನ್ನೂ ಮಿಕ್ಸರಿನ ಹಿಂದೆ ಕೂತು ಕೇಳಿದ್ದೇನೆ. ಹೆಚ್ಚಿನದ್ದು ವಯರ್ ಸುತ್ತಿ ಗಾಡಿಗೆ ಹಾಕುವಷ್ಟರಲ್ಲಿ ಮರೆತುಹೋಗುತ್ತದೆ. ಹೋದ ವರ್ಷ ಫೆಬ್ರವರಿಯ ಒಂದು ಕಾಲೇಜ್ ಫೆಸ್ಟ್ ಮಾತ್ರ ಮರೆತಿಲ್ಲ.

ಕಾಲೇಜಿನ ಹೆಸರು ಬೇಡ. ಸಂಜೆಯ ಮುಖ್ಯ ಕಾರ್ಯಕ್ರಮ ಒಬ್ಬ ರ‍್ಯಾಪರ್ ಹುಡುಗನದ್ದು. ಬಂಟ್ವಾಳದ ಕಡೆಯವನು. ತುಳು, ಕನ್ನಡ, ನಡುನಡುವೆ ಬ್ಯಾರಿ ಭಾಷೆ ಎಲ್ಲ ಸೇರಿಸಿ ಹಾಡುತ್ತಾನೆ. ಇನ್‌ಸ್ಟಾಗ್ರಾಮಿನಲ್ಲಿ ತಕ್ಕಮಟ್ಟಿಗೆ ಹೆಸರಿದೆ. ಅವನು ಸೌಂಡ್ ಚೆಕ್ಕಿಗೆ ಸರ್ವಿಸ್ ಬಸ್ಸಿನಲ್ಲಿ ಬಂದ. ಕಿಸೆಯಲ್ಲಿ ಪೆನ್‌ಡ್ರೈವ್, ಕೈಯಲ್ಲಿ ಪೇಪರಿನಲ್ಲಿ ಕಟ್ಟಿಸಿಕೊಂಡ ಬನ್ಸ್.

ರ‍್ಯಾಪ್ ಮಾಡುವ ಹುಡುಗರಿಗೆಲ್ಲ ಒಂದು ಚಟ ಉಂಟು. ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ. ವಿಡಿಯೋದಲ್ಲಿ ನೋಡಲಿಕ್ಕೆ ಚಂದ. ಆದರೆ ಜಾಲರಿಯನ್ನು ಹಾಗೆ ಮುಚ್ಚಿದರೆ ಮೈಕ್ ಬಾಯಿಯ ಎದುರಿನ ಸದ್ದನ್ನಷ್ಟೇ ಅಲ್ಲ, ಎಲ್ಲ ಕಡೆಯ ಸದ್ದನ್ನೂ ಎಳೆಯುತ್ತದೆ. ಮಾತು ಮಂಕಾಗುತ್ತದೆ, ಸ್ಟೇಜಿನ ಮೇಲಿನ ಮಾನಿಟರ್ ಸ್ಪೀಕರ್ ಕುಂಯ್ ಅನ್ನುತ್ತದೆ. "ಸ್ವಲ್ಪ ಕೆಳಗೆ ಹಿಡಿ ಮಾರಾಯ" ಎಂದೆ. "ಕೆಳಗೆ ಹಿಡಿದರೆ ಧನ್ಯವಾದ ಸಮರ್ಪಣೆಗೆ ನಿಂತ ಹಾಗೆ ಕಾಣ್ತದೆ ಅಣ್ಣ" ಎಂದ. ನಕ್ಕು ಸುಮ್ಮನಾದೆ. ಮಿಕ್ಸರಿನಲ್ಲಿ ಅವನ ಮೈಕಿನ ಚಾನೆಲಿನಲ್ಲಿ ಎರಡು ಫ್ರೀಕ್ವೆನ್ಸಿ ಇಳಿಸಿಟ್ಟೆ.

ಆ ವಾರ ಊರಿನಲ್ಲಿ ಒಂದು ಗಲಾಟೆ ಆಗಿತ್ತು. ಯಾರು ಯಾರಿಗೆ ಹೊಡೆದದ್ದು, ಯಾಕೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಇದನ್ನು ಇಲ್ಲಿಗೇ ಬಿಟ್ಟು ಅದರ ಬಗ್ಗೆ ಜಗಳ ಶುರು ಮಾಡುತ್ತೀರಿ. ಕರಾವಳಿಯವರಿಗೆ ಅಂಥ ವಾರ ಹೇಗಿರುತ್ತದೆ ಅಂತ ಗೊತ್ತು. ಬಸ್ಸಿನಲ್ಲಿ ಯಾರೂ ಆ ಸುದ್ದಿ ಎತ್ತುವುದಿಲ್ಲ. ಸಂಜೆ ಆರಕ್ಕೇ ಮನೆಯಿಂದ ಫೋನ್ ಬರುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಎಲ್ಲರಿಗೂ ಭಾರೀ ಧೈರ್ಯ.

ಫೆಸ್ಟ್ ಕಮಿಟಿಯ ಹುಡುಗಿ ಬಂದು ಹುಡುಗನ ಹತ್ತಿರ ಮೆಲ್ಲಗೆ ಹೇಳಿದಳು: "ಆ ವಿಷಯ ಎಲ್ಲ ಬೇಡ ಆಯ್ತಾ, ಪ್ರಿನ್ಸಿಪಾಲ್ ಹೇಳಿದ್ದಾರೆ." ಅವನು "ಆಯ್ತಕ್ಕ" ಅಂದು ಬನ್ಸ್ ತಿಂದು ಮುಗಿಸಿದ.

ಕಾರ್ಯಕ್ರಮ ಶುರುವಾದದ್ದು ಎಂಟರ ಮೇಲೆ. ಹತ್ತಕ್ಕೆ ಮೈಕ್ ಬಂದ್ ಮಾಡಬೇಕು, ಅದು ಕಾನೂನು. ಮೊದಲು ಕುಣಿಸುವ ಹಾಡುಗಳು. ಸಿಟಿ ಬಸ್ ಕಂಡಕ್ಟರ್ ಮೇಲೆ ಒಂದು, ಬಂಗುಡೆ ರೇಟಿನ ಮೇಲೆ ಒಂದು. ಮಕ್ಕಳು ಹುಚ್ಚೆದ್ದು ಕುಣಿದರು. ನನ್ನ ಬಾಸ್ ಬಾಕ್ಸಿನ ಮೇಲೆ ಇಬ್ಬರು ಹತ್ತಿ ನಿಂತಿದ್ದರು, ಬೈದು ಇಳಿಸಿದೆ.

ಆಮೇಲೆ ಅವನು ತನ್ನ ಅಮ್ಮನ ಹಾಡು ಹಾಡಿದ. ಅಮ್ಮ ಬೀಡಿ ಕಟ್ಟುತ್ತಾರೆ. ಆ ಹಾಡಿನ ಬೀಟ್‌ನಲ್ಲಿ ಡ್ರಮ್ ಇಲ್ಲ. ಅಮ್ಮ ಎಲೆ ಕತ್ತರಿಸುವಾಗಿನ ಕತ್ತರಿಯ ಕಚ್ ಕಚ್ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಅದನ್ನೇ ತಾಳ ಮಾಡಿದ್ದಾನೆ. ತೊಡೆಯ ಮೇಲೆ ತಡ್ಪೆ (ಮೊರ), ನೆನೆಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋದರೆ ಚೆಕ್ ಮಾಡುವವರು ಇದು ಸರಿ ಇಲ್ಲ, ಅದು ಸರಿ ಇಲ್ಲ ಅಂತ ಬದಿಗೆ ಹಾಕುವ ಬೀಡಿಗಳು. ಬದಿಗೆ ಹಾಕಿದ್ದಕ್ಕೆ ದುಡ್ಡಿಲ್ಲ. ಲೆಕ್ಕ ಸಾವಿರಕ್ಕೆ ಇಷ್ಟು ಅಂತ, ಬೆನ್ನು ನೋವಿಗೆ ಲೆಕ್ಕ ಇಲ್ಲ. ಬೀಡಿ ಕಾರ್ಮಿಕರ ಗುರುತಿನ ಕಾರ್ಡ್ ತೋರಿಸಿ ಸಿಕ್ಕಿದ ಸ್ಕಾಲರ್‌ಶಿಪ್ಪಿನಲ್ಲಿ ಇವನ ಪಿಯುಸಿ ಫೀಸು. ಎಲ್ಲವನ್ನೂ ಮೂರು ನಿಮಿಷದಲ್ಲಿ ಒಂದೇ ಉಸಿರಿಗೆ ಅನ್ನುವ ಹಾಗೆ ಹೇಳಿದ. ಮುಂದಿನ ಸಾಲಿನಲ್ಲಿ ನಾಲ್ಕೈದು ಹುಡುಗಿಯರಿಗೆ ಹಾಡು ಬಾಯಿಪಾಠ. ಅವರಲ್ಲಿ ಇಬ್ಬರು ತಲೆಗೆ ಶಾಲು ಹಾಕಿದವರು, ಒಬ್ಬಳು ಕುಂಕುಮದವಳು. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವುದಕ್ಕೆ ಧರ್ಮ ಇಲ್ಲ, ಎಲ್ಲರ ಮನೆ ಜಗಲಿಯಲ್ಲೂ ಅದೇ ತಡ್ಪೆ.

ಹಾಡು ಮುಗಿದು ಚಪ್ಪಾಳೆ ಇಳಿಯುವಾಗ ಹಿಂದಿನಿಂದ ಒಬ್ಬ ಕೂಗಿದ: "ಮೊನ್ನೆಯದ್ದರ ಬಗ್ಗೆ ಮಾತಾಡು ಮಾರಾಯ! ಹೆದರಿಕೆಯಾ?" ಇನ್ನೂ ನಾಲ್ಕು ಜನ ಸೇರಿಕೊಂಡರು. "ಪನ್ಲ, ಪನ್ಲ" (ಹೇಳು, ಹೇಳು) ಅಂತ ತುಳುವಿನಲ್ಲಿ ಬೊಬ್ಬೆ. ಕೂಗಿದವರ ಮುಖ ನನಗೆ ಕಾಣಲಿಲ್ಲ. ಅವರಿದ್ದದ್ದು ಕತ್ತಲೆಯಲ್ಲಿ, ಮೊಬೈಲ್ ಎತ್ತಿ ಹಿಡಿದುಕೊಂಡು. ಹುಡುಗ ಇದ್ದದ್ದು ನನ್ನದೇ ಎರಡು ಪಾರ್ ಲೈಟಿನ ಅಡಿಯಲ್ಲಿ.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನ್ನ ಬೆರಳು ಮ್ಯೂಟ್ ಬಟನ್ ಹತ್ತಿರ ಹೋಗಿತ್ತು, ಪ್ರಿನ್ಸಿಪಾಲರು ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಅವನು ಹೇಳಿದ: "ಹೊಡೆದದ್ದು ತಪ್ಪು. ಅದಕ್ಕಿಂತ ಜಾಸ್ತಿ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದನ್ನು ಈಗಷ್ಟೇ ಹಾಡಿದೆ." ಅರ್ಧ ಜನ ಚಪ್ಪಾಳೆ, ಅರ್ಧ ಜನ ಊ... ಅಂತ ಕೂಗು. ಮುಂದಿನ ಟ್ರ್ಯಾಕ್ ಹಾಕು ಅಂತ ನನಗೆ ಕೈ ಸನ್ನೆ ಮಾಡಿದ.

ನಿಜವಾದ ವಾದ ಆದದ್ದು ಆಮೇಲೆ, ಸ್ಟೇಜಿನ ಹಿಂದೆ ನಾವು ವಯರ್ ಸುತ್ತುವಾಗ. ಹುಡುಗ ಬಾಕ್ಸಿನ ಮೇಲೆ ಕೂತು ನೀರು ಕುಡಿಯುತ್ತಿದ್ದ. ಅಲ್ಲಿಗೆ ಒಬ್ಬರು ಲೆಕ್ಚರರ್ ಬಂದರು. ಒಳ್ಳೆಯ ಮನುಷ್ಯ, ಓದಿಕೊಂಡವರು. ಅವರಿಗೆ ಬೇಸರವಾಗಿತ್ತು. "ನೀನು ಒಳ್ಳೆ ಛಾನ್ಸ್ ಬಿಟ್ಟೆ ನೋಡು" ಎಂದರು. "ಎರಡು ಸಾವಿರ ಮಕ್ಕಳು ಕೇಳ್ತಾ ಇದ್ದರು. ರ‍್ಯಾಪ್ ಹುಟ್ಟಿದ್ದೇ ಪ್ರತಿಭಟನೆಗೆ. ಪಬ್ಲಿಕ್ ಎನಿಮಿ ತಂಡದ ಹಾಡು ಕೇಳಿದ್ದೀಯಾ? ಟುಪಾಕ್‌ನ ತಾಯಿ ಕಪ್ಪು ಜನರ ಹಕ್ಕಿಗೆ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿಯಲ್ಲಿ ಇದ್ದವರು, ಗೊತ್ತುಂಟಾ? ಇಷ್ಟು ಜನ ನಿನ್ನನ್ನು ನಂಬಿದ ಮೇಲೆ ದಾರಿ ತೋರಿಸುವ ಜವಾಬ್ದಾರಿ ನಿನಗೆ ಇಲ್ವಾ?"

ಹುಡುಗ ತಲೆ ಕೆರೆದುಕೊಂಡ. ನನಗೆ ಸುಮ್ಮನಿರಲಿಕ್ಕೆ ಆಗಲಿಲ್ಲ. ಯಾಕೆಂದರೆ ರ‍್ಯಾಪ್ ಹುಟ್ಟಿದ ಕಥೆ ನಮ್ಮ ಲೈನಿನವರದ್ದು, ಸೌಂಡಿನವರದ್ದು. ನಾನು ಆ ವಿಡಿಯೋಗಳನ್ನೆಲ್ಲ ನೋಡಿದ್ದು ಸ್ಪೀಕರ್ ನೋಡಲಿಕ್ಕೆ. ನ್ಯೂಯಾರ್ಕಿನ ಬ್ರಾಂಕ್ಸ್, 1973ರ ಆಗಸ್ಟ್ 11. ಜಮೈಕಾದಿಂದ ಬಂದ ಕ್ಲೈವ್ ಕ್ಯಾಂಪ್‌ಬೆಲ್ ಅನ್ನುವ ಹುಡುಗ, ಆಮೇಲೆ ಡಿಜೆ ಕೂಲ್ ಹರ್ಕ್ ಅಂತ ಹೆಸರಾದವನು, ಅಪ್ಪನ ಮೈಕ್ ಸೆಟ್ ತಂದು ತಮ್ಮ ಬಿಲ್ಡಿಂಗಿನ ಹಾಲ್‌ನಲ್ಲಿ ಪಾರ್ಟಿಗೆ ಹಾಡು ಹಾಕಿದ. ಪಾರ್ಟಿ ಇಟ್ಟದ್ದು ಅವನ ತಂಗಿ ಸಿಂಡಿ. ಯಾಕೆ? ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಟಿಕೆಟ್ ಹುಡುಗಿಯರಿಗೆ 25 ಸೆಂಟ್ಸ್, ಹುಡುಗರಿಗೆ 50. ಹಾಡಿನಲ್ಲಿ ಕುಣಿಯಲಿಕ್ಕೆ ಆಗುವ ತುಂಡನ್ನೇ ಅವನು ಎರಡು ಗ್ರಾಮಫೋನ್ ಪ್ಲೇಟ್ ಇಟ್ಟು ಮತ್ತೆ ಮತ್ತೆ ಹಾಕುತ್ತಿದ್ದ. ಹಿಪ್‌ಹಾಪ್ ಶುರುವಾದದ್ದು ಅಲ್ಲಿಂದ ಅಂತ ಎಲ್ಲರೂ ಹೇಳುವುದು.

"ಮೊದಲ ದಿನವೇ ಯಾರೂ ಕ್ರಾಂತಿಗೆ ಹೊರಟಿರಲಿಲ್ಲ ಸರ್" ಎಂದೆ.

ಅವರು ಬಿಡಲಿಲ್ಲ. 1982ರ 'ದಿ ಮೆಸೇಜ್' ಹಾಡನ್ನು ಎತ್ತಿದರು, ಬ್ರಾಂಕ್ಸಿನ ಬಡತನವನ್ನು ಮೊದಲ ಸಲ ದೊಡ್ಡದಾಗಿ ಹೇಳಿದ ಹಾಡು ಅದು. ಹೌದು, ಅದು ದೊಡ್ಡ ಹಾಡೇ. ಆದರೆ ಅದರಲ್ಲೂ ಒಂದು ತಮಾಷೆ ಉಂಟು. ಹಾಡು ಹೊರಬಂದದ್ದು ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ ಹೆಸರಿನಲ್ಲಿ. ತಂಡಕ್ಕೆ ಅದನ್ನು ಮಾಡುವ ಮನಸ್ಸೇ ಇರಲಿಲ್ಲ, ಜನರಿಗೆ ಬೇಕಾದದ್ದು ಪಾರ್ಟಿ ಹಾಡು ಅಂತ ಅವರ ಲೆಕ್ಕ. ಹೆಚ್ಚಿನ ಸಾಲು ಬರೆದದ್ದು ಡ್ಯೂಕ್ ಬೂಟಿ ಅನ್ನುವ ಸ್ಟುಡಿಯೋ ಕಲಾವಿದ. ತಂಡದಿಂದ ಹಾಡಿದ್ದು ಮೆಲ್ಲೆ ಮೆಲ್ ಒಬ್ಬನೇ. ಹಟ ಹಿಡಿದು ಮಾಡಿಸಿದ್ದು ರೆಕಾರ್ಡ್ ಕಂಪೆನಿಯ ಯಜಮಾನಿ ಸಿಲ್ವಿಯಾ ರಾಬಿನ್ಸನ್. ಯಾರೂ ನಾಯಕರಾಗಲು ಹೊರಟಿರಲಿಲ್ಲ. ಹಾಡು ಮಾತ್ರ ನಿಂತಿತು.

"ಹಾಗಾದರೆ ಕೆಂಡ್ರಿಕ್ ಲಾಮಾರ್?" ಎಂದರು. ಸರಿಯಾದ ಪ್ರಶ್ನೆ. ಅವನ 2015ರ 'ಆಲ್‌ರೈಟ್' ಹಾಡನ್ನು ಅಮೆರಿಕದ ಕಪ್ಪು ಜನ ಪೊಲೀಸರ ಎದುರು ಬೀದಿಯಲ್ಲಿ ನಿಂತು ಹಾಡಿದರು. ನನಗೆ ಅದರಲ್ಲಿ ಕಾಣುವುದು ಬೇರೆ. ಮೆರವಣಿಗೆ ಕಟ್ಟಿದವರು, ಪೆಟ್ಟು ತಿಂದವರು, ಕೋರ್ಟಿಗೆ ಅಲೆದವರು ಊರೂರಿನ ಸಾಮಾನ್ಯ ಜನ. ಅವರಿಗೆ ಒಂದು ಹಾಡು ಬೇಕಿತ್ತು, ಇದನ್ನು ಎತ್ತಿಕೊಂಡರು. ನಮ್ಮ ದೇಶದಲ್ಲಿ ಕೊಡೈಕನಾಲಿನ ಥರ್ಮಾಮೀಟರ್ ಫ್ಯಾಕ್ಟರಿಯ ಪಾದರಸ ಮಾಲಿನ್ಯದ ಕಥೆಯೂ ಹಾಗೇ. 2015ರಲ್ಲಿ ಸೋಫಿಯಾ ಅಶ್ರಫ್ ರ‍್ಯಾಪ್ ಮಾಡಿದರು, ವಿಡಿಯೋ ದೇಶವೆಲ್ಲ ಓಡಿತು, 2016ರಲ್ಲಿ ಕಂಪೆನಿ 591 ಜನ ಹಳೆ ಕಾರ್ಮಿಕರ ಜೊತೆ ಒಪ್ಪಂದ ಮಾಡಿಕೊಂಡಿತು. ಆದರೆ ಫ್ಯಾಕ್ಟರಿ ಬಂದ್ ಆದದ್ದು 2001ರಲ್ಲಿ. ಅಲ್ಲಿಂದ ಅಷ್ಟು ವರ್ಷ ಹೋರಾಟ ಬಿಡದೆ ಹಿಡಿದದ್ದು ಆ ಕಾರ್ಮಿಕರೇ. ರ‍್ಯಾಪರ್ ಮಾಡಿದ್ದು ನಾನು ಮಾಡುವ ಕೆಲಸದ ಹಾಗೆ: ಮಾತಾಡುತ್ತಿದ್ದವರ ವಾಲ್ಯೂಮ್ ಏರಿಸಿದ್ದು. ಸಣ್ಣ ಕೆಲಸ ಅಲ್ಲ ಅದು. ಆದರೆ ಮಾತಾಡುವವರೇ ಇಲ್ಲದಿದ್ದರೆ ಏರಿಸುವುದು ಎಂತದನ್ನು?

ಹುಡುಗ ನಡುವೆ ಬಾಯಿ ಹಾಕಿದ. "ಸರ್, ನೀವು ಆ ಗಲಾಟೆ ಬಗ್ಗೆ ಕ್ಲಾಸಲ್ಲಿ ಮಾತಾಡಿದ್ದೀರಾ?" ಕೊಂಕು ಇರಲಿಲ್ಲ, ನಿಜವಾಗಿಯೂ ಕೇಳಿದ್ದು. ಸರ್ ಒಂದು ಕ್ಷಣ ತಡವರಿಸಿದರು. "ನಮಗೆ ಮ್ಯಾನೇಜ್‌ಮೆಂಟ್ ಇರ್ತದಲ್ಲ" ಎಂದರು. "ನನಗೆ ಅಮ್ಮ ಇದ್ದಾರೆ ಸರ್, ಒಬ್ಬರೇ ಇರುವುದು ಮನೆಯಲ್ಲಿ" ಎಂದ.

ಸರ್ ಅವರನ್ನು ಬೈಯುವುದು ಸುಲಭ. ಆದರೆ ಅವರ ಸಂಕಟವೂ ಸುಳ್ಳಲ್ಲ. ಈ ಊರಿನಲ್ಲಿ ಮಾತಾಡಬೇಕಾದವರು ಮಾತಾಡುವುದಿಲ್ಲ. ಓಟು ತೆಗೆದುಕೊಂಡವರು ಲೆಕ್ಕ ಹಾಕಿ ಮಾತಾಡುತ್ತಾರೆ. ನಮ್ಮಂಥ ವ್ಯಾಪಾರದವರಿಗೆ ಗಿರಾಕಿ ತಪ್ಪುವ ಹೆದರಿಕೆ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಕೊನೆಗೆ ಎಲ್ಲರೂ ಸೇರಿ ಇಪ್ಪತ್ತೆರಡರ ಹುಡುಗನ ಕಡೆ ಬೆರಳು ತೋರಿಸುವುದು: ನಿನ್ನ ಕೈಯಲ್ಲಿ ಮೈಕ್ ಉಂಟಲ್ಲ, ನೀನು ಹೇಳು. ಅವನು ಹೇಳಿ ಪೆಟ್ಟು ತಿಂದರೆ ನಾವು ಸ್ಟೇಟಸ್ ಹಾಕುತ್ತೇವೆ.

ಇನ್ನೊಂದು ಭಯವೂ ನನಗುಂಟು. ಹಾಡುಗಾರನನ್ನು ನಾಯಕ ಮಾಡಿದರೆ ಅವನು ದಾರಿ ತಪ್ಪಿದಾಗ ಹಿಡಿಯುವವರು ಯಾರು? 2005ರಲ್ಲಿ ಕತ್ರಿನಾ ಚಂಡಮಾರುತದ ಸಂತ್ರಸ್ತರಿಗಾಗಿ ನಡೆದ ಟಿವಿ ಕಾರ್ಯಕ್ರಮದಲ್ಲಿ ರ‍್ಯಾಪರ್ ಕಾನ್ಯೆ ವೆಸ್ಟ್ ಅಮೆರಿಕದ ಅಧ್ಯಕ್ಷ ಬುಷ್‌ಗೆ ಕಪ್ಪು ಜನರ ಬಗ್ಗೆ ಕಾಳಜಿ ಇಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ. ಎಷ್ಟೋ ಜನ ಭಲೇ ಅಂದರು. 2022ರಲ್ಲಿ ಅದೇ ಬಾಯಿಂದ ಯಹೂದಿಗಳ ಮೇಲೆ ದ್ವೇಷದ ಮಾತು ಬಂತು. ಅವನನ್ನು ಯಾರೂ ಓಟು ಹಾಕಿ ಕೂರಿಸಿರಲಿಲ್ಲ, ಹಾಗಾಗಿ ಇಳಿಸಲಿಕ್ಕೂ ಆಗಲಿಲ್ಲ. ಶೂ ಕಂಪೆನಿ ಮತ್ತೆ ಕೆಲವರು ಕಾಂಟ್ರಾಕ್ಟ್ ಮುರಿದರು, ಅಷ್ಟೇ.

ನಾಯಕನಾಗಲೇಬೇಕು ಅನ್ನುವ ರ‍್ಯಾಪರ್‌ಗೆ ನೇರ ದಾರಿ ಇದೆ. ನೇಪಾಳದ ಬಾಲೇನ್ ಶಾ ಅದನ್ನು ಹಿಡಿದರು. ರ‍್ಯಾಪರ್, ಎಂಜಿನಿಯರ್ ಕೂಡ. ಸ್ಟ್ರಕ್ಚರಲ್ ಎಂಜಿನಿಯರಿಂಗಿನಲ್ಲಿ ಮಾಸ್ಟರ್ಸ್ ಮಾಡಿದ್ದು ನಮ್ಮ ವಿಟಿಯುವಿನಲ್ಲಿ. 2022ರಲ್ಲಿ ಪಕ್ಷೇತರರಾಗಿ ನಿಂತು ಕಾಠ್ಮಂಡುವಿನ ಮೇಯರ್ ಆದರು. ಕಸ, ಚರಂಡಿ, ಒತ್ತುವರಿ ಎಲ್ಲ ತಲೆ ಮೇಲೆ ಹೊತ್ತುಕೊಂಡರು. ಇಷ್ಟವಾಗದಿದ್ದರೆ ಜನ ಓಟಿನಲ್ಲಿ ಹೇಳಬಹುದು. ನನ್ನ ಪ್ರಕಾರ ಅದು ಸರಿ. ಸ್ಟೇಜಿನ ಮೇಲೆ ನಿಂತವರೆಲ್ಲ ಅದನ್ನು ಮಾಡಬೇಕು ಅನ್ನುವುದು ಮಾತ್ರ ಅತಿಯಾಯ್ತು.

ಹಾಗಾದರೆ ರ‍್ಯಾಪರ್‌ಗೆ ಯಾವ ಋಣವೂ ಇಲ್ವಾ? ಉಂಟು. ಕಂಡದ್ದನ್ನು ಕಾಣದ ಹಾಗೆ ಹಾಡಬಾರದು. ದುಡ್ಡಿಗೆ ಸುಳ್ಳು ಹಾಡಬಾರದು. ಒಬ್ಬರ ಮೇಲೆ ಇನ್ನೊಬ್ಬರನ್ನು ಎತ್ತಿಕಟ್ಟುವ ಹಾಡಿಗೆ ಬಾಯಿ ಕೊಡಬಾರದು. ಅಲ್ಲಿ ನಾನು ಯಾವ ಕಲಾವಿದನಿಗೂ ರಿಯಾಯಿತಿ ಕೊಡುವುದಿಲ್ಲ. ಯಕ್ಷಗಾನದ ಹಾಸ್ಯಗಾರರು ರಸ್ತೆ ಹೊಂಡದ ಬಗ್ಗೆ ನಡುವೆ ಒಂದು ಮಾತು ಬಿಟ್ಟು, ಮುಂದಿನ ಸಾಲಿನ ಶಾಸಕರನ್ನೂ ನಗಿಸಿ, ಮತ್ತೆ ಕಥೆಗೆ ಬರುತ್ತಾರೆ. ನೀವು ಯಾಕೆ ಚಳುವಳಿ ಮಾಡಲಿಲ್ಲ ಅಂತ ಅವರನ್ನು ಯಾರೂ ಕೇಳಿದ್ದನ್ನು ನಾನು ಕಾಣೆ.

ಮರುದಿನ ವಿಡಿಯೋ ಹರಿದಾಡಿತು. ಬೀಡಿ ಹಾಡಿನದ್ದಲ್ಲ, "ಜಾಸ್ತಿ ಗೊತ್ತಿಲ್ಲ" ಅಂದ ತುಂಡಿನದ್ದು. ಒಂದು ಕಡೆಯವರು ಹೇಡಿ ಎಂದರು, ಇನ್ನೊಂದು ಕಡೆಯವರು "ಹೊಡೆದದ್ದು ತಪ್ಪು ಅನ್ನಲಿಕ್ಕೆ ಇವನ್ಯಾರು" ಎಂದರು. ಬೀಡಿಯವರ ಮಜೂರಿ, ಬದಿಗೆ ಹಾಕಿದ ಬೀಡಿಗೆ ದುಡ್ಡು ಕೊಡದ್ದು, ಇದೆಲ್ಲ ಯಾರದ್ದೋ ಕೈಯಲ್ಲಿರುವ ವಿಷಯ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಅದನ್ನು ಅಮ್ಮನ ಹಾಡು ಅಂತ ಲೈಕ್ ಒತ್ತಿ ಮುಂದೆ ಹೋದರು.

ಒಂದು ತಿಂಗಳು ಕಳೆದ ಮೇಲೆ ಹುಡುಗ ನನಗೆ ಫೋನ್ ಮಾಡಿದ. ಲೋಕಲ್ ಎಲೆಕ್ಷನ್ ಯಾವಾಗ ಬರುತ್ತದೋ ಗೊತ್ತಿರಲಿಲ್ಲ, ಟಿಕೆಟ್ ಬೇಕಾದವರು ಮಾತ್ರ ಆಗಲೇ ಓಡಾಡುತ್ತಿದ್ದರು. ಒಬ್ಬರು ಇವನ ಹತ್ತಿರ ಪ್ರಚಾರಕ್ಕೆ ರ‍್ಯಾಪ್ ಕೇಳಿದ್ದಾರಂತೆ. "ಯುವಕರನ್ನು ನೀನೇ ಲೀಡ್ ಮಾಡಬೇಕು" ಅಂದರಂತೆ. "ಎಂತ ಹೇಳ್ಲಿ ಅಣ್ಣ?" ಎಂದು ಕೇಳಿದ.

"ನೀನು ಎಂತ ಹೇಳಿದೆ?"

"ಮಾಡಿಕೊಡ್ತೇನೆ, ಆದ್ರೆ ಬೀಡಿ ಮಜೂರಿ ಜಾಸ್ತಿ ಮಾಡ್ತೇನೆ ಅಂತ ಅವರ ಬಾಯಿಂದಲೇ ಒಂದು ಲೈನ್ ರೆಕಾರ್ಡ್ ಮಾಡಿ ಹಾಡಿನಲ್ಲಿ ಹಾಕ್ತೇನೆ ಅಂದೆ."

"ಮತ್ತೆ?"

"ಡಿಜೆ ಸಾಕು ಅಂದ್ರು ಅಣ್ಣ. ನಿಮ್ಮ ನಂಬರ್ ಕೊಟ್ಟಿದ್ದೇನೆ. ಅಡ್ವಾನ್ಸ್ ಇಲ್ಲದೆ ಗಾಡಿ ಕಳಿಸ್ಬೇಡಿ."